ಮೋಟಾರು ಜೋಳಿಗೆ ಮತ್ತು ಎದ್ದ ಕೂಸಿನ ಮುಖ

ಪುಣೆಯ ತುಳಶೀಬಾಗದ ಅಂಗಡಿಯೊಂದರಿಂದ ತಂದ ಮೋಟಾರು ಜೋಳಿಗೆಯನ್ನು, ಅಂದರೆ ಕೂಸನ್ನು ತಾನಾಗಿಯೇ ತೂಗುವ ಬಟ್ಟೆಯ ತೊಟ್ಟಿಲನ್ನು, ನನ್ನ ಮಗಳಿಗೆ ಮೂರು ತಿಂಗಳು ತುಂಬಿದ ಫೆಬ್ರುವರಿಯಿಂದ ಮೇ ತಿಂಗಳ ಕೊನೆಯ ವಾರದವರೆಗೆ ಹೆಚ್ಚುಕಡಿಮೆ ದಿನವೂ ಬಳಸಿದ್ದೇವೆ. ಕರ್ವೆನಗರದ ನಮ್ಮ ಓಣಿಯಲ್ಲಿಯೂ ಕೋಥ್ರೂಡದಲ್ಲಿಯೂ ಇರುವ ಧಾರವಾಡ, ಬೆಳಗಾವಿ, ವಿಜಯಪುರ ಕಡೆಯ ಪರಿಚಯದ ತಾಯಂದಿರು ಇದನ್ನು ಕೊಳ್ಳಬಹುದೇ ಎಂದು ಕೇಳುತ್ತಲೇ ಇರುತ್ತಾರೆ. ಎಲ್ಲರ ಪ್ರಶ್ನೆಯೂ ಇದರಲ್ಲಿ ಕೂಸು ಬೇಗ ಮಲಗುತ್ತದೆಯೇ ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಬೇಗ ಮಲಗುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಮಲಗಿದ ಕೂಸು ಯಾವ ಮನಸ್ಸಿನಿಂದ ಏಳುತ್ತದೆ ಎಂಬುದನ್ನು ನೋಡದೆ ಇಂಥ ವಸ್ತುವಿನ ಗುಣದೋಷ ಹೇಳಲಾಗದು ಎಂಬುದು ಈ ನಾಲ್ಕು ತಿಂಗಳಲ್ಲಿ ನನಗೆ ಮನದಟ್ಟಾಗಿದೆ. ಆದ್ದರಿಂದ ಈ ವಿಮರ್ಶೆಯ ಬಹುಭಾಗ ಕೂಸು ಎಚ್ಚರಗೊಳ್ಳುವ ಗಳಿಗೆಯ ಬಗ್ಗೆಯೇ ಇದೆ.

ಮೊದಲು ವಸ್ತುವಿನ ವಿವರ ಹೇಳಿಬಿಡುತ್ತೇನೆ. ಬಣ್ಣ ಹಚ್ಚಿದ ಕಬ್ಬಿಣದ ಕೊಳವೆಗಳ ಸ್ಟ್ಯಾಂಡು, ಅದರ ನೆತ್ತಿಯಲ್ಲಿ ಒಂದು ಕೊಕ್ಕೆ, ಕೊಕ್ಕೆಗೆ ತೂಗುವ ಮೋಟಾರಿನ ಪೆಟ್ಟಿಗೆ, ಅದರ ಕೆಳಗೆ ಸ್ಪ್ರಿಂಗು, ಸ್ಪ್ರಿಂಗಿಗೆ ಸಿಕ್ಕಿಸುವ ಹತ್ತಿಬಟ್ಟೆಯ ಜೋಳಿಗೆ. ಜೋಳಿಗೆಗೆ ಸೊಳ್ಳೆಪರದೆಯೂ ಅದನ್ನು ಮುಚ್ಚಲು ಜಿಪ್ಪೂ ಇವೆ. ವೇಗ ಹೆಚ್ಚು ಕಡಿಮೆ ಮಾಡುವ ತಿರುಗಣಿ, ಹದಿನೈದು, ಮೂವತ್ತು ಮತ್ತು ನಲವತ್ತೈದು ನಿಮಿಷಗಳ ಟೈಮರು, ಬಿಡದೆ ತೂಗುತ್ತಲೇ ಇರುವ ಇನ್ನೊಂದು ವ್ಯವಸ್ಥೆ, ಅಳುವ ಸದ್ದು ಕೇಳಿದರೆ ತಾನಾಗಿಯೇ ಮತ್ತೆ ತೂಗತೊಡಗುವ ಸೆನ್ಸಾರು, ಕೆಲವು ಹಾಡಿನ ಧಾಟಿಗಳು, ಇಷ್ಟು ಅದರಲ್ಲಿವೆ. ನಾವು ಕೊಟ್ಟದ್ದು 5,400 ರೂಪಾಯಿ. ಜೋಡಿಸಲು ಅರ್ಧ ಗಂಟೆ ಸಾಕಾಯಿತು, ಸ್ಟ್ಯಾಂಡು ಅಲುಗಾಡುವುದಿಲ್ಲ, ಬಟ್ಟೆಯನ್ನು ಒಗೆದು ಒಣಗಿಸುವುದು ಸುಲಭ. ಅಂಗಡಿಯವರು ನಮಗೆ ಹೇಳಿದ ಮಾತು ಒಂದೇ: “ಪಾಚ ಮಿನಿಟಾಂತ ಬಾಳ ಝೋಪತಂ.” ಐದು ನಿಮಿಷದಲ್ಲಿ ಕೂಸು ಮಲಗುತ್ತದೆ ಎಂದರ್ಥ.

ಆ ಮಾತು ಸುಳ್ಳಾಗಲಿಲ್ಲ. ಹೆಗಲ ಮೇಲೆ ಹಾಕಿಕೊಂಡು ಮುಕ್ಕಾಲು ಗಂಟೆ ತಿರುಗಿದರೂ ಕಣ್ಣು ಮುಚ್ಚದ ಮಗಳು ಮೊದಲನೆಯ ದಿನವೇ ಆರೇಳು ನಿಮಿಷಗಳಲ್ಲಿ ಮಲಗಿದಳು. ಎಳೆಯ ಕೂಸುಗಳು ತೂಗಾಟಕ್ಕೆ ಸುಮ್ಮನಾಗುವುದು ಅಭ್ಯಾಸದ ಮಾತಷ್ಟೇ ಅಲ್ಲ. ತಾಯಿ ಎತ್ತಿಕೊಂಡು ನಡೆಯತೊಡಗಿದಾಗ ಕೂಸಿನ ಅಳು ನಿಲ್ಲುವುದರ ಜೊತೆಗೆ ಹೃದಯದ ಬಡಿತವೂ ನಿಧಾನವಾಗುತ್ತದೆ ಎಂಬುದನ್ನು ಜಪಾನಿನ ರಿಕೆನ್ ಸಂಸ್ಥೆಯ ಸಂಶೋಧಕರು 2013ರಲ್ಲಿ ತೋರಿಸಿದ್ದಾರೆ. ನಮ್ಮ ಹಿರಿಯರಿಗೆ ಅಳತೆಯ ಉಪಕರಣಗಳಿಲ್ಲದೆಯೇ ಇದು ತಿಳಿದಿತ್ತು. ಸೀರೆಯ ಜೋಳಿಗೆಯನ್ನು ತೊಲೆಗೆ ಕಟ್ಟಿ, ಕಾಲಿನ ಹೆಬ್ಬೆರಳಿಗೆ ಹಗ್ಗ ಸುತ್ತಿಕೊಂಡು ತೂಗುತ್ತ, ಕೈಯಲ್ಲಿ ಅಕ್ಕಿ ಆರಿಸುತ್ತ ಕುಳಿತ ಅಜ್ಜಿಯರನ್ನು ನಾವೆಲ್ಲ ನೋಡಿದ್ದೇವೆ. ಮೋಟಾರು ಆ ಹೆಬ್ಬೆರಳಿನ ಕೆಲಸವನ್ನು ಮಾಡುತ್ತದೆ.

ಬಾಣಂತನಕ್ಕೆಂದು ಧಾರವಾಡದಿಂದ ಬಂದಿದ್ದ ಅವ್ವ ಮೊದಲ ಮಧ್ಯಾಹ್ನ ಜೋಳಿಗೆಯ ಪಕ್ಕದಲ್ಲಿ ಕೌದಿ ಹೊಲಿಯುತ್ತ ಕುಳಿತಿದ್ದಳು. ನನ್ನ ಸಂತೋಷವನ್ನು ನೋಡಿ ಅವಳು ಹೇಳಿದ್ದಿಷ್ಟೇ: “ಮಲಗಿಸೂದು ದೊಡ್ಡ ಮಾತಲ್ಲ ಬಿಡವಾ, ಎದ್ದ ಮ್ಯಾಲ ಕೂಸಿನ ಮಾರಿ ಹೆಂಗೈತಿ ನೋಡು.” ಮೂವತ್ತೈದು ನಿಮಿಷಗಳ ನಂತರ ಮಗಳು ಎದ್ದಳು. ಕಣ್ಣು ತೆರೆಯುವ ಮೊದಲೇ ಅಳು ಬಂದಿತ್ತು, ಮುಖ ಕೆಂಪಾಗಿತ್ತು, ಎತ್ತಿಕೊಂಡರೂ ಬೆನ್ನು ಬಿಲ್ಲಿನಂತೆ ಬಾಗಿಸಿ ತಳ್ಳುತ್ತಿದ್ದಳು. ಹಾಲು ಕೊಟ್ಟರೆ ಬೇಡ, ಲಂಗೋಟಿ ಒಣಗಿಯೇ ಇತ್ತು. ಸಮಾಧಾನವಾಗಲು ಇಪ್ಪತ್ತು ನಿಮಿಷ ಹಿಡಿಯಿತು. ಅಂದಿನಿಂದ ನಾನು ಹಾಲಿನವನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಪುಟಗಳಲ್ಲಿ ಮಗಳು ಎಲ್ಲಿ ಮಲಗಿದಳು, ಎಷ್ಟು ಹೊತ್ತು ಮಲಗಿದಳು, ಹೇಗೆ ಎದ್ದಳು ಎಂದು ಬರೆದಿಡತೊಡಗಿದೆ.

ಬರೆಯುತ್ತ ಹೋದಂತೆ ಅವಳ ಏಳುವಿಕೆಗೂ ಬಗೆಗಳಿವೆ ಎಂಬುದು ಕಾಣತೊಡಗಿತು. ಬೆಳಗಿನ ಆರು ಗಂಟೆಯ ಸುಮಾರಿಗೆ ಏಳುವಾಗ ಅವಳು ಅಳುವುದೇ ಇಲ್ಲ. ಫ್ಯಾನಿನ ಕಡೆಗೋ ಕಿಟಕಿಯ ಬೆಳಕಿನ ಕಡೆಗೋ ನೋಡುತ್ತ, ತನ್ನ ಕೈಯನ್ನು ತಾನೇ ತಿರುಗಿಸಿ ನೋಡಿಕೊಳ್ಳುತ್ತ, “ಆಂ ಊಂ” ಎಂದು ಮಾತನಾಡುತ್ತ ಹತ್ತು ನಿಮಿಷ ತನ್ನಷ್ಟಕ್ಕೆ ಇರುತ್ತಾಳೆ, ನಮ್ಮ ಮುಖ ಕಂಡೊಡನೆ ಬಾಯ್ತುಂಬ ನಗುತ್ತಾಳೆ. ಮಾಲೀಶು ಮಾಡುವ ಹೆಂಗಸು ಬಂದು ಎಣ್ಣೆ ತಿಕ್ಕಿ, ಬಿಸಿನೀರು ಎರೆದು ಹೋದ ಮೇಲಿನ ನಿದ್ದೆ ದಿನದ ದೊಡ್ಡ ನಿದ್ದೆ, ಅದರಿಂದ ಏಳುವಾಗಲೂ ಮುಖ ಅರಳಿರುತ್ತದೆ. ಮಧ್ಯಾಹ್ನದ ಅರೆನಿದ್ದೆಯಿಂದ ಎದ್ದಾಗ ಸಿಡಿಮಿಡಿ. ಎಲ್ಲಕ್ಕಿಂತ ಕಷ್ಟದ್ದು ಸಂಜೆಯದು. ದೀಪ ಹಚ್ಚುವ ಹೊತ್ತಿಗೆ ಕೂಸು ಮಲಗಿರಬಾರದೆಂಬುದು ಅತ್ತೆಯವರ ನಂಬಿಕೆ, ಅದನ್ನು ನಾನು ಅಲ್ಲಗಳೆಯಲಿಲ್ಲ. ಆದರೆ ಐದೂವರೆಗೆ ಮಲಗಿದ ಕೂಸನ್ನು ಆರೂಕಾಲಕ್ಕೆ ಎಬ್ಬಿಸಿದ ದಿನಗಳಲ್ಲೆಲ್ಲ ಅವಳು ಯಾರನ್ನೂ ಗುರುತಿಸದವಳಂತೆ, ತೆರೆದ ಕಣ್ಣು ತೆರೆದೇ ಇದ್ದರೂ ಏನನ್ನೂ ನೋಡದೆ ಅಳುತ್ತಿದ್ದಳು. ಕೊನೆಗೆ ಅತ್ತೆಯವರೇ ಅವಳನ್ನು ನಾಲ್ಕೂವರೆಗೇ ಮಲಗಿಸುವ ಏರ್ಪಾಡು ಮಾಡಿದರು. ಆರಕ್ಕೆ ತಾನೇ ಏಳುವ ಕೂಸು ದೀಪದ ಮುಂದೆ ನಗುತ್ತ ಕುಳಿತದ್ದನ್ನು ಕಂಡು ಎಲ್ಲರಿಗೂ ಸಮಾಧಾನವಾಯಿತು.

ಇದಕ್ಕೆ ಕಾರಣ ನಿದ್ದೆಯ ಕಟ್ಟಡದಲ್ಲಿಯೇ ಇದೆ. ದೊಡ್ಡವರ ನಿದ್ದೆ ಸುಮಾರು ತೊಂಬತ್ತು ನಿಮಿಷಗಳ ಸುತ್ತುಗಳಲ್ಲಿ ಸಾಗಿದರೆ ಎಳೆಗೂಸಿನ ಒಂದು ಸುತ್ತು ಸುಮಾರು ಐವತ್ತು ನಿಮಿಷಗಳಲ್ಲಿ ಮುಗಿಯುತ್ತದೆ. ಪ್ರತಿ ಸುತ್ತಿನ ಕೊನೆಯಲ್ಲಿ ಕೂಸು ಎಚ್ಚರದ ಹೊಸ್ತಿಲಿಗೆ ಬರುತ್ತದೆ. ಅಲ್ಲಿ ಎಲ್ಲವೂ ಸರಿಯಾಗಿದ್ದರೆ ಮತ್ತೆ ನಿದ್ದೆಗೆ ಇಳಿಯುತ್ತದೆ, ನಿದ್ದೆ ಸಾಕಾಗಿದ್ದರೆ ಹಾಗೆಯೇ ಹಗುರವಾಗಿ ಏಳುತ್ತದೆ. ಆದರೆ ಆಳವಾದ ನಿದ್ದೆಯ ನಡುವೆ ಎಬ್ಬಿಸಿದರೆ ದೇಹ ಎದ್ದಿದ್ದರೂ ಮಿದುಳು ಇನ್ನೂ ನಿದ್ದೆಯ ಮಂಪರಿನಲ್ಲಿಯೇ ಇರುತ್ತದೆ. ಮಧ್ಯರಾತ್ರಿ ಫೋನಿನ ಗಂಟೆಗೆ ಎದ್ದ ದೊಡ್ಡವರಿಗೂ ಅರೆಗಳಿಗೆ ತಾವೆಲ್ಲಿದ್ದೇವೆ ಎಂಬುದು ತಿಳಿಯುವುದಿಲ್ಲ. ಆ ಮಂಪರನ್ನು ಹೇಳಿಕೊಳ್ಳಲು ಕೂಸಿಗೆ ಅಳುವೊಂದೇ ದಾರಿ. ಬೆಳಗಿನ ಜಾವದ ನಿದ್ದೆಯಲ್ಲಿ ಆಳ ಕಡಿಮೆ, ಕನಸಿನ ಹಗುರ ನಿದ್ದೆ ಹೆಚ್ಚು. ರಾತ್ರಿಯ ನಿದ್ದೆಯೂ ತುಂಬಿರುತ್ತದೆ. ಬೆಳಗಿನ ನಗುವಿಗೆ ಇದೇ ಕಾರಣವೆಂದು ನಾನು ತಿಳಿದಿದ್ದೇನೆ.

ಇನ್ನು ಮೋಟಾರಿನ ಟೈಮರಿಗೆ ಬರುತ್ತೇನೆ. ಮೂವತ್ತು ನಿಮಿಷಕ್ಕೆ ಇಟ್ಟರೆ ಮೂವತ್ತನೆಯ ನಿಮಿಷಕ್ಕೆ ತೂಗಾಟ ಒಮ್ಮೆಗೇ ನಿಲ್ಲುತ್ತದೆ. ಅಜ್ಜಿಯ ಹೆಬ್ಬೆರಳು ಹಾಗೆ ನಿಲ್ಲುತ್ತಿರಲಿಲ್ಲ. ತೂಗು ನಿಧಾನವಾಗುತ್ತ ನಿಧಾನವಾಗುತ್ತ ನಿಂತದ್ದು ಕೂಸಿಗೆ ತಿಳಿಯುತ್ತಲೇ ಇರಲಿಲ್ಲ. ಹುಬ್ಬಳ್ಳಿ ಕಡೆಯಿಂದ ಪುಣೆಗೆ ರಾತ್ರಿಯ ರೈಲಿನಲ್ಲಿ ಬಂದವರಿಗೆ ಇದರ ಅನುಭವ ಇದ್ದೇ ಇದೆ. ಗಾಡಿ ಓಡುತ್ತಿರುವಷ್ಟು ಹೊತ್ತು ಬೋಗಿಯೆಲ್ಲ ಮಲಗಿರುತ್ತದೆ, ಮೀರಜದಲ್ಲಿ ನಿಂತೊಡನೆ ಒಬ್ಬೊಬ್ಬರೇ ಕಣ್ಣು ಬಿಡುತ್ತಾರೆ, ಎಲ್ಲೋ ಒಂದು ಕೂಸು ಅಳತೊಡಗುತ್ತದೆ. ತೂಗಾಟದಲ್ಲಿ ನಿದ್ದೆಹೋದ ಕೂಸು ನಿದ್ದೆಯ ಸುತ್ತಿನ ಕೊನೆಗೆ ಹೊಸ್ತಿಲಿಗೆ ಬಂದಾಗ ತಾನು ಮಲಗುವಾಗ ಇದ್ದ ತೂಗಾಟವನ್ನು ಹುಡುಕುತ್ತದೆ, ಅದು ಇಲ್ಲದಿದ್ದರೆ ಗಾಬರಿಯಿಂದ ಪೂರ್ತಿ ಎಚ್ಚರಗೊಳ್ಳುತ್ತದೆ. ನನ್ನ ಪುಸ್ತಕದಲ್ಲಿ ಟೈಮರು ಹಾಕಿದ ದಿನಗಳ ಮುಂದೆ ಮೂವತ್ತೈದು, ನಲವತ್ತು, ಮೂವತ್ತೆಂಟು ನಿಮಿಷಗಳ ನಿದ್ದೆಗಳೇ ಸಾಲಾಗಿವೆ, ಹೆಚ್ಚಿನವುಗಳ ಮುಂದೆ “ಅಳುತ್ತ ಎದ್ದಳು” ಎಂದೇ ಇದೆ. ನೆಲದ ಮೇಲಿನ ಕೌದಿಯಲ್ಲಿ ಅವ್ವನ ಪಕ್ಕದಲ್ಲಿ ಮಲಗಿದ ದಿನಗಳಲ್ಲಿ ಅದೇ ಕೂಸು ಗಂಟೆಗೂ ಹೆಚ್ಚು ಮಲಗಿ ಸುಮ್ಮನೆ ಎದ್ದದ್ದುಂಟು. ಒಂದೇ ಮನೆಯ ಒಂದೇ ಕೂಸಿನ ಲೆಕ್ಕವಿದು. ಎಲ್ಲ ಕೂಸುಗಳೂ ಹೀಗೆಯೇ ಎಂದು ನಾನು ಹೇಳಲಾರೆ.

ಹಾಗಾದರೆ ಬಿಡದೆ ತೂಗುವಂತೆ ಇಟ್ಟರಾಯಿತಲ್ಲ ಎಂದು ನನ್ನ ಗಂಡ ಹೇಳಿದರು, ಒಂದು ವಾರ ಹಾಗೆಯೇ ಮಾಡಿದೆವು. ನಿದ್ದೆ ಉದ್ದವಾಯಿತು, ಏಳುವಾಗಿನ ಅಳುವೂ ಕಡಿಮೆಯಾಯಿತು. ಆದರೆ ಎದ್ದ ಮೇಲೆ ಬಹಳ ಹೊತ್ತಿನವರೆಗೆ ಮಗಳು ಮಂಕಾಗಿರುತ್ತಿದ್ದಳು. ಅವಳ ಕೈಗೆ ಗಿಲಕಿ ಕೊಟ್ಟರೆ ಹಿಡಿದುಕೊಳ್ಳುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮೋಟಾರು ಇಲ್ಲದೆ ಮಲಗುವುದನ್ನೇ ಅವಳು ಮರೆಯತೊಡಗಿದ್ದು ನನಗೆ ಚಿಂತೆ ತಂದಿತು. ಲಸಿಕೆಗೆ ಹೋದಾಗ ಮಕ್ಕಳ ವೈದ್ಯರಿಗೆ ಇದನ್ನು ಹೇಳಿದೆ. ಅವರು ಮಂಕಿನ ಬಗ್ಗೆ ಹೆಚ್ಚು ಮಾತನಾಡಲಿಲ್ಲ, ಜೋಳಿಗೆಯಲ್ಲಿ ಕೂಸಿನ ಕತ್ತು ಹೇಗಿರುತ್ತದೆ ಎಂದು ಕೇಳಿದರು. ಆ ಪ್ರಶ್ನೆಯ ಮಹತ್ವವನ್ನು ಮುಂದೆ ಹೇಳುತ್ತೇನೆ.

ಈ ವಸ್ತುವಿನಲ್ಲಿ ನನಗೆ ಅತ್ಯಂತ ಬೇಸರ ತರಿಸಿದ ಭಾಗವೆಂದರೆ ಅಂಗಡಿಯವರು ಎಲ್ಲಕ್ಕಿಂತ ಹೆಮ್ಮೆಯಿಂದ ತೋರಿಸಿದ ಸೆನ್ಸಾರು. ಕೂಸು ಅತ್ತರೆ ತಾಯಿ ಏಳುವ ಮೊದಲೇ ಜೋಳಿಗೆ ತೂಗತೊಡಗುತ್ತದೆ ಎಂಬುದು ಕೇಳಲು ಎಷ್ಟು ಹಿತವಾಗಿದೆ! ಆದರೆ ಕೂಸಿನ ನಿದ್ದೆಯನ್ನು ಹತ್ತಿರ ಕುಳಿತು ನೋಡಿದವರಿಗೆ ಗೊತ್ತು, ಕೂಸು ಸದ್ದು ಮಾಡಿದಾಗಲೆಲ್ಲ ಎದ್ದಿರುವುದಿಲ್ಲ. ಹುಟ್ಟಿದ ಹೊಸದರಲ್ಲಿ ಕೂಸಿನ ನಿದ್ದೆಯ ಅರ್ಧದಷ್ಟು ಚಟುವಟಿಕೆಯ ನಿದ್ದೆಯೇ ಆಗಿರುತ್ತದೆ. ಆಗ ಕಣ್ಣುಗುಡ್ಡೆಗಳು ರೆಪ್ಪೆಯ ಕೆಳಗೆ ಹೊರಳುತ್ತವೆ, ತುಟಿ ನಗುತ್ತದೆ ಅಥವಾ ಸೊಟ್ಟಗಾಗುತ್ತದೆ, ಕೈಕಾಲು ಜಗ್ಗುತ್ತವೆ, ಮುಲುಗುವ ಸದ್ದು, ಕೆಲವೊಮ್ಮೆ ಒಂದೆರಡು ಸಣ್ಣ ಅಳು ಕೂಡ ಹೊರಡುತ್ತದೆ. “ಸಟವಿ ನಗಸತಾಳ, ಸಟವಿ ಅಳಸತಾಳ” ಎಂದು, ಎಳೆಗೂಸುಗಳ ದೇವತೆಯಾದ ಸಟವಿಯನ್ನು ನೆನೆದು ನಮ್ಮ ಕಡೆಯ ಹಿರಿಯರು ಹೇಳುವುದು ಈ ಹೊತ್ತನ್ನೇ. ಅಷ್ಟು ಹೊತ್ತು ಮುಟ್ಟದೆ ಬಿಟ್ಟರೆ ಕೂಸು ಮತ್ತೆ ಶಾಂತವಾಗಿ ನಿದ್ದೆಗಿಳಿಯುತ್ತದೆ. ಮೋಟಾರಿನ ಸೆನ್ಸಾರಿಗೆ ಮುಲುಗುವ ಕೂಸು ಯಾವುದು, ಎದ್ದು ಕರೆಯುವ ಕೂಸು ಯಾವುದು ಎಂಬ ವ್ಯತ್ಯಾಸ ತಿಳಿಯುವುದಿಲ್ಲ. ನಿದ್ದೆಯಲ್ಲಿ ಮುಲುಗಿದ ಮಗಳನ್ನು ಅದು ಕುಲುಕಿ ಎಬ್ಬಿಸಿದ್ದನ್ನು, ಬೆಚ್ಚಿಬಿದ್ದು ಎರಡೂ ಕೈ ಅಗಲಿಸಿ ಅವಳು ಅತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಒಂದಲ್ಲ, ಐದಾರು ಸಲ. ಇನ್ನೊಂದು ಕಡೆ, ಅವಳು ನಿಜವಾಗಿ ಹಸಿದು ಕರೆದಾಗಲೂ ಅದು ಮೊದಲು ತೂಗಿ ಸುಮ್ಮನಾಗಿಸಲು ನೋಡುತ್ತದೆ. ಹಸಿದ ಕೂಸಿಗೆ ಬೇಕಾದದ್ದು ಹಾಲು, ತೂಗಾಟವಲ್ಲ. ಎಂಟು ದಿನಗಳಲ್ಲಿ ಸೆನ್ಸಾರನ್ನು ಮುಚ್ಚಿದೆವು, ಮತ್ತೆ ತೆರೆಯಲಿಲ್ಲ.

ಹಾಡುಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಸದ್ದಿನ ಪೆಟ್ಟಿಗೆ ಕೂಸಿನ ತಲೆಯಿಂದ ಎರಡು ಅಡಿಯಷ್ಟು ದೂರದಲ್ಲಿಯೇ ತೂಗುತ್ತದೆ, ಅತಿ ಕಡಿಮೆ ಎಂದು ಇಟ್ಟರೂ ಅದು ನನಗೆ ಜೋರೆನಿಸಿತು. ಕೂಸುಗಳನ್ನು ಮಲಗಿಸಲು ಮಾರುವ ಸದ್ದಿನ ಯಂತ್ರಗಳು ಪೂರ್ತಿ ಜೋರಿನಲ್ಲಿ ಆಸ್ಪತ್ರೆಯ ಕೂಸುಗಳಿಗೆಂದು ಹಾಕಿಕೊಂಡ 50 ಡೆಸಿಬಲ್ ಮಿತಿಯನ್ನು ಮೀರುತ್ತವೆ ಎಂದು 2014ರಲ್ಲಿ ಕೆನಡಾದ ವೈದ್ಯರು ಅಳೆದು ತೋರಿಸಿದ್ದರು. ನಮ್ಮ ಮನೆಯಲ್ಲಿ ಲಾಲಿ ಹಾಡಲು ಅವ್ವನಿದ್ದಳು.

ಎಚ್ಚರಗೊಂಡ ಗಳಿಗೆಯ ಇನ್ನೊಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ಬಟ್ಟೆಯ ಜೋಳಿಗೆ ಕೂಸಿನ ಎರಡೂ ಬದಿಗೆ ಎತ್ತರವಾಗಿ ಏರುತ್ತದೆ, ಮೇಲೆ ಸೊಳ್ಳೆಪರದೆ ಬೇರೆ. ಕಣ್ಣು ಬಿಟ್ಟ ಕೂಸಿಗೆ ಕಾಣುವುದು ಬಟ್ಟೆಯ ಮಡಿಕೆಯಷ್ಟೇ; ಕಿಟಕಿಯಿಲ್ಲ, ಮನುಷ್ಯರ ಮುಖವಿಲ್ಲ, ಹೊರಳಿ ನೋಡಲು ಜಾಗವಿಲ್ಲ. ಬೆಳಗ್ಗೆ ಹಾಸಿಗೆಯಲ್ಲಿ ತನ್ನಷ್ಟಕ್ಕೆ ಹತ್ತು ನಿಮಿಷ ಆಡುವ ಅದೇ ಮಗಳು ಜೋಳಿಗೆಯಲ್ಲಿ ಎದ್ದರೆ ಒಂದು ನಿಮಿಷವೂ ತಾಳುತ್ತಿರಲಿಲ್ಲ. ಇದನ್ನು ಅವ್ವನಿಗೆ ಹೇಳಿದಾಗ ಅವಳು ನನ್ನ ಅಜ್ಜಿಮನೆಯ ಕಲಘಟಗಿ ತೊಟ್ಟಿಲನ್ನು ನೆನೆದಳು. ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿ ಮಾಡುವ ಆ ಕಟ್ಟಿಗೆಯ ತೊಟ್ಟಿಲುಗಳ ಅರಗಿನ ಬಣ್ಣ ತಲೆಮಾರು ದಾಟಿದರೂ ಮಾಸುವುದಿಲ್ಲ. ಅದರ ಬದಿಗಳಲ್ಲಿ ರಾಮಾಯಣ, ಭಾಗವತದ ಚಿತ್ರಗಳು, ಸರಪಳಿಗಳ ನಡುವೆ ತೂಗುವ ಗಿಳಿ ಗೊಂಬೆಗಳು. ನಮ್ಮ ಬಳಗದ ತೊಟ್ಟಿಲು ಬಾಣಂತಿಯಿರುವ ಮನೆಯಿಂದ ಮನೆಗೆ ಹೋಗುತ್ತಿತ್ತು, ನಾನೂ ಅದರಲ್ಲಿಯೇ ಮಲಗಿದವಳು. ಅದರ ತಳ ಸಪಾಟಾದ ಹಲಗೆ, ಮೇಲೆ ಕೌದಿ. ಎದ್ದ ಕೂಸಿಗೆ ಕಂಬಿಗಳ ನಡುವಿನಿಂದ ಪಡಸಾಲೆಯೆಲ್ಲ ಕಾಣುತ್ತಿತ್ತು. “ಕೂಸು ಎದ್ದದ್ದು ನಮಗ ಗೊತ್ತ ಆಗತಿರಲಿಲ್ಲ, ಗಿಳಿ ನೋಡಕೋತ ಬಿದ್ದಿರತಿತ್ತು” ಎಂದಳು. ಮೂರನೆಯ ಅಂತಸ್ತಿನ ಎರಡು ಕೋಣೆಯ ಮನೆಗೆ ಆ ತೊಟ್ಟಿಲನ್ನು ತರುವಂತಿರಲಿಲ್ಲ. ತುಳಶೀಬಾಗಕ್ಕೆ ಮತ್ತೆ ಹೋಗಿ, ಮರಾಠಿಯವರು ಚಿಮಣಾಳೆ ಎನ್ನುವ ಬಟ್ಟೆಯ ಗುಬ್ಬಿಗಳ ಗೊಂಚಲನ್ನು ತಂದು ಹಾಸಿಗೆಯ ಮೇಲ್ಗಡೆ ಕೈಗೆ ಎಟುಕದಷ್ಟು ಎತ್ತರದಲ್ಲಿ ತೂಗುಬಿಟ್ಟೆ. ಈ ಎಲ್ಲ ಖರ್ಚಿನಲ್ಲಿ ನನಗೆ ಅತಿ ಹೆಚ್ಚು ನೆಮ್ಮದಿ ಕೊಟ್ಟದ್ದು ಆ ಸಣ್ಣ ಗೊಂಚಲು.

ಏಪ್ರಿಲ್ ಬಂದಾಗ ಬಿಸಿಲಿನ ತೊಂದರೆ ಶುರುವಾಯಿತು. ಪುಣೆಯಲ್ಲಿ ಆ ತಿಂಗಳು ಉಷ್ಣಾಂಶ 40 ಡಿಗ್ರಿಯ ಹತ್ತಿರಕ್ಕೆ ಹೋಗುತ್ತದೆ. ಜೋಳಿಗೆಯ ಬಟ್ಟೆ ಕೂಸನ್ನು ಮೂರೂ ಕಡೆಯಿಂದ ಸುತ್ತಿಕೊಂಡಿರುವುದರಿಂದ ಗಾಳಿ ಬೆನ್ನಿಗೆ ತಲುಪುವುದಿಲ್ಲ, ಎತ್ತಿಕೊಂಡಾಗ ಕೂದಲು ನೆತ್ತಿಗೆ ಅಂಟಿಕೊಂಡಿರುತ್ತಿತ್ತು. ಸೆಕೆಯಿಂದ ಎದ್ದ ಕೂಸಿನ ಅಳುವೇ ಬೇರೆ. ಅದರಲ್ಲಿ ಕೋಪ ಕಡಿಮೆ, ದಣಿವು ಹೆಚ್ಚು. ಕತ್ತಿನ ಹಿಂಭಾಗ ಮುಟ್ಟಿ ನೋಡಿದರೆ ಬೆವರಿದೆಯೋ ಇಲ್ಲವೋ ತಿಳಿಯುತ್ತದೆ, ಕೈಕಾಲು ಮುಟ್ಟಿ ನೋಡುವುದರಿಂದ ತಿಳಿಯುವುದಿಲ್ಲ. ಅತಿಯಾದ ಶಾಖ ನಿದ್ದೆಯಲ್ಲಿರುವ ಎಳೆಗೂಸಿಗೆ ಅಪಾಯಕಾರಿ ಎಂಬುದನ್ನು ವೈದ್ಯರು ಒತ್ತಿ ಹೇಳುತ್ತಾರೆ. ಆ ತಿಂಗಳು ಮಧ್ಯಾಹ್ನ ಜೋಳಿಗೆಯನ್ನು ಬಳಸುವುದನ್ನೇ ನಿಲ್ಲಿಸಿದೆವು.

ಈಗ ಕತ್ತಿನ ಮಾತು. ಕೊಳ್ಳುವವರು ಉಳಿದದ್ದನ್ನೆಲ್ಲ ಮರೆತರೂ ಇದನ್ನು ಮರೆಯಬಾರದು. ಬಟ್ಟೆಯ ಜೋಳಿಗೆಯಲ್ಲಿ ಕೂಸಿನ ಬೆನ್ನು ಬಿಲ್ಲಿನಂತೆ ಬಾಗುತ್ತದೆ, ತಲೆ ಮುಂದಕ್ಕೆ ವಾಲಿ ಗದ್ದ ಎದೆಗೆ ತಾಗುವ ಸಂಭವವಿರುತ್ತದೆ. ಎಳೆಗೂಸಿನ ಉಸಿರಿನ ನಾಳ ಮೆತ್ತಗಿನದು, ಸಪುರವಾದದ್ದು. ಗದ್ದ ಎದೆಗೆ ಒತ್ತಿದರೆ ಅದು ಇನ್ನಷ್ಟು ಕಿರಿದಾಗುತ್ತದೆ, ಕತ್ತು ಎತ್ತಿಕೊಳ್ಳುವ ಬಲ ಕೂಸಿಗೆ ಇರುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2022ರ ಸಲಹೆಯ ಪ್ರಕಾರ ಕೂಸು ಅಂಗಾತನಾಗಿ, ಸಪಾಟಾದ ಗಟ್ಟಿ ಹಾಸಿಗೆಯ ಮೇಲೆ, ದಿಂಬು ಮತ್ತು ಸಡಿಲ ಹೊದಿಕೆಗಳಿಲ್ಲದೆ ಮಲಗಬೇಕು, ಹಾಸಿಗೆಯ ಇಳಿಜಾರು 10 ಡಿಗ್ರಿ ಮೀರಬಾರದು. ತೂಗುವ ಸಾಧನದಲ್ಲಿ ಮಲಗಿದ ಕೂಸನ್ನು ಆದಷ್ಟು ಬೇಗ ಸಪಾಟು ಜಾಗಕ್ಕೆ ಬದಲಿಸಬೇಕು. ನಮ್ಮ ವೈದ್ಯರು ಹೇಳಿದ್ದೂ ಇದನ್ನೇ: ಇದನ್ನು ಮಲಗಿಸಲು ಬಳಸಿ, ಮಲಗಲು ಬಳಸಬೇಡಿ, ಕಣ್ಣೆದುರಿಗೆ ಇದ್ದಾಗ ಮಾತ್ರ ಬಳಸಿ, ರಾತ್ರಿ ಖಂಡಿತ ಬೇಡ. ನಾವು ತಲೆ ದುಂಡಗಾಗಲೆಂದು ಇಡುತ್ತಿದ್ದ ಸಾಸಿವೆ ದಿಂಬನ್ನೂ ಅಂದೇ ತೆಗೆದಿಟ್ಟೆವು. ಅವ್ವನಿಗೆ ಮೊದಲು ಅದು ಸರಿಬರಲಿಲ್ಲ. ಜೋಳಿಗೆಯಲ್ಲಿ ಮಗಳ ಗದ್ದ ಎದೆಗೆ ತಾಗಿದ್ದನ್ನು ತಾನೇ ಬಗ್ಗಿ ನೋಡಿದ ಮೇಲೆ ಅವಳೇ ದಿಂಬನ್ನು ಕಪಾಟಿನ ಮೇಲಿಟ್ಟಳು. ಪೆಟ್ಟಿಗೆಯ ಮೇಲೆ ಇಷ್ಟು ಕಿಲೋ ಭಾರ ತಾಳುತ್ತದೆ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುವಾಗ, ಕತ್ತಿನ ಬಗ್ಗೆ, ಮಗುಚಿಕೊಳ್ಳುವ ಕೂಸಿಗೆ ಇದು ಸಲ್ಲದು ಎಂಬುದರ ಬಗ್ಗೆ ಒಂದು ಸಾಲೂ ಇಲ್ಲದಿರುವುದು ದೊಡ್ಡ ಕೊರತೆ.

ಎತ್ತಿ ಬದಲಿಸುವಾಗಲೇ ಕೂಸು ಎದ್ದುಬಿಟ್ಟರೆ ಏನು ಮಾಡುವುದು? ನಮಗೂ ಮೊದಲ ವಾರ ಹಾಗೆಯೇ ಆಯಿತು. ಆಗ ನೆರವಾದದ್ದು ಅದೇ ರಿಕೆನ್ ತಂಡದ 2022ರ ಇನ್ನೊಂದು ಅಧ್ಯಯನ. ಅಳುವ ಕೂಸನ್ನು ಐದು ನಿಮಿಷ ಎತ್ತಿಕೊಂಡು ನಡೆದು, ಮಲಗಿದ ಮೇಲೆ ಇನ್ನೂ ಐದರಿಂದ ಎಂಟು ನಿಮಿಷ ತೊಡೆಯ ಮೇಲೆ ಇಟ್ಟುಕೊಂಡು ಕುಳಿತು, ಆಮೇಲೆ ಹಾಸಿಗೆಗೆ ಇಳಿಸಿದರೆ ಎಚ್ಚರವಾಗುವುದು ಕಡಿಮೆ ಎಂಬುದು ಅದರ ಸಾರ. ಬೆನ್ನು ಹಾಸಿಗೆಗೆ ತಾಗಿದ್ದರಿಂದಲ್ಲ, ಹೊತ್ತವರ ಮೈಯಿಂದ ಬೇರಾಗತೊಡಗಿದ ಕ್ಷಣದಲ್ಲಿಯೇ ಕೂಸು ಚುರುಕಾಗುತ್ತದೆ ಎಂದು ಅವರು ಕಂಡಿದ್ದರು. ನಾವು ಮೋಟಾರಿನಲ್ಲಿ ಮಲಗಿಸಿ, ಹತ್ತಿರವೇ ಕುಳಿತು ನೋಡಿಕೊಳ್ಳುತ್ತ, ಐದಾರು ನಿಮಿಷ ಕಾದು, ವೇಗವನ್ನು ಕೈಯಿಂದ ಮೆಲ್ಲಗೆ ತಗ್ಗಿಸಿ, ತೂಗಾಟ ನಿಂತ ಮೇಲೆ ಎತ್ತಿ ಎದೆಗವಚಿಕೊಂಡು, ಅದೇ ಭಂಗಿಯಲ್ಲಿ ಬಗ್ಗಿ ಹಾಸಿಗೆಗೆ ಇಳಿಸಿ, ಅಂಗೈಯನ್ನು ಒಂದು ನಿಮಿಷ ಎದೆಯ ಮೇಲೆ ಇಟ್ಟಿರತೊಡಗಿದೆವು. ನಾಲ್ಕರಲ್ಲಿ ಮೂರು ಸಲ ಅವಳು ಏಳಲಿಲ್ಲ. ಹೀಗೆ ಮಾಡತೊಡಗಿದ ಮೇಲೆಯೇ ನನ್ನ ಪುಸ್ತಕದಲ್ಲಿ “ನಗುತ್ತ ಎದ್ದಳು” ಎಂಬ ಸಾಲುಗಳು ಹಗಲಿನ ನಿದ್ದೆಗಳ ಮುಂದೆಯೂ ಕಾಣಿಸಿಕೊಂಡವು.

ಬಾಳಿಕೆ ಮತ್ತು ಸೇವೆಯ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. ಎರಡನೆಯ ತಿಂಗಳಲ್ಲಿ ಅಡಾಪ್ಟರು ಸುಟ್ಟುಹೋಯಿತು. ಪೆಟ್ಟಿಗೆಯ ಮೇಲಿದ್ದ ನಂಬರಿಗೆ ಹನ್ನೊಂದು ದಿನ ಫೋನು ಮಾಡಿದರೂ ಹೊಸದು ಬರಲಿಲ್ಲ, ಕೊನೆಗೆ ಬುಧವಾರ ಪೇಠೆಯ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಲ್ಲಿ ಅದೇ ಅಳತೆಯದನ್ನು 280 ರೂಪಾಯಿಗೆ ತಂದೆವು. ಮೂರನೆಯ ತಿಂಗಳಲ್ಲಿ ಮೋಟಾರಿನಿಂದ ಕಿರುಗುಡುವ ಸದ್ದು ಶುರುವಾಯಿತು, ಕೊಕ್ಕೆಗೆ ಎಣ್ಣೆ ಹಚ್ಚಿದ ಮೇಲೆ ಕಡಿಮೆಯಾಯಿತು. ಒಂದು ಗುರುವಾರ ದುರಸ್ತಿಗೆಂದು ಕರೆಂಟು ತೆಗೆದಾಗ ಮಗಳು ಮಲಗಿ ಹತ್ತು ನಿಮಿಷವಷ್ಟೇ ಆಗಿತ್ತು. ಆಳದ ನಿದ್ದೆಯಲ್ಲಿ ತೂಗಾಟ ನಿಂತು, ಫ್ಯಾನೂ ನಿಂತು, ಅವಳು ಎದ್ದು ಅತ್ತ ಅಳು ಸಂಜೆಯವರೆಗೂ ಬೇರೆ ಬೇರೆ ರೂಪದಲ್ಲಿ ಮುಂದುವರಿಯಿತು. ಬ್ಯಾಟರಿಯ ಅನುಕೂಲ ಇದರಲ್ಲಿ ಇಲ್ಲ, ಇರಬೇಕಿತ್ತು.

ಕೊಳ್ಳಬಹುದೇ ಎಂಬುದಕ್ಕೆ ನನ್ನ ಉತ್ತರ ಮನೆಯನ್ನು ನೋಡಿ ಬದಲಾಗುತ್ತದೆ. ಹೆರಿಗೆಯ ನಂತರ ಸೊಂಟನೋವಿರುವ, ಹಗಲೆಲ್ಲ ಒಬ್ಬಳೇ ಕೂಸನ್ನು ನೋಡಿಕೊಳ್ಳುವ ತಾಯಿಗೆ ಇದು ನಿಜವಾದ ಸಹಾಯ. ಮುಕ್ಕಾಲು ಗಂಟೆಯ ಹೆಗಲಿನ ಭಾರವನ್ನು ಹತ್ತು ನಿಮಿಷಕ್ಕೆ ಇಳಿಸುವ ವಸ್ತುವನ್ನು ನಾನು ಹಗುರವಾಗಿ ಕಾಣಲಾರೆ. ಕೂಸು ಮಗುಚಿಕೊಳ್ಳತೊಡಗುವವರೆಗಿನ ಎರಡು ಮೂರು ತಿಂಗಳಷ್ಟೇ ಇದರ ಆಯುಷ್ಯ ಎಂದು ಎಣಿಸಿ ಕೊಳ್ಳಬೇಕು. ಸೆನ್ಸಾರು, ಹಾಡು ಇರುವ ದುಬಾರಿ ಮಾದರಿ ಬೇಡ, ವೇಗದ ತಿರುಗಣಿ ನಯವಾಗಿ ತಿರುಗುವ ಸಾದಾ ಮಾದರಿಯೇ ಸಾಕು. ಸಾಧ್ಯವಿದ್ದರೆ ಬಳಸಿದ್ದನ್ನೇ ಪರಿಚಯದವರಿಂದ ತೆಗೆದುಕೊಂಡು ಕೊಕ್ಕೆ, ಸ್ಪ್ರಿಂಗು, ಹೊಲಿಗೆಗಳನ್ನು ಪರೀಕ್ಷಿಸಿ ನೋಡುವುದು ಒಳ್ಳೆಯದು. ಕೂಸು ಹಗಲು ರಾತ್ರಿ ಅದರಲ್ಲಿಯೇ ಮಲಗಲಿ, ತಾವು ಬೇರೆ ಕೋಣೆಯಲ್ಲಿ ಕೆಲಸ ಮಾಡಿಕೊಳ್ಳಬಹುದು ಎಂದು ಯೋಚಿಸುವವರು ದಯವಿಟ್ಟು ಕೊಳ್ಳಬೇಡಿ. ನಾಲ್ಕರಿಂದ ಹನ್ನೊಂದು ತಿಂಗಳ ಕೂಸಿಗೆ ದಿನಕ್ಕೆ 12ರಿಂದ 16 ಗಂಟೆಗಳ ಒಳ್ಳೆಯ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅಷ್ಟು ದೀರ್ಘವಾದ ಹೊತ್ತನ್ನು ಕತ್ತು ಬಾಗಿಸಿಕೊಂಡು ಕಳೆಯುವಂತೆ ಮಾಡಬಾರದು.

ಮೇ ತಿಂಗಳ ಕೊನೆಯ ವಾರ ಮಗಳು ಜೋಳಿಗೆಯೊಳಗೆ ಮಗ್ಗುಲಾಗಿ, ಬಟ್ಟೆಯ ಅಂಚನ್ನು ಹಿಡಿದು ಏಳಲು ಹವಣಿಸಿದ್ದನ್ನು ಕಂಡ ದಿನವೇ ಅದನ್ನು ಬಿಚ್ಚಿದೆವು. ಮೋಟಾರಿಲ್ಲದೆ ಮಲಗುವುದನ್ನು ಕಲಿಯಲು ಅವಳಿಗೆ ಐದು ದಿನ ಬೇಕಾದವು, ಆ ಐದು ದಿನ ನಮಗೂ ನಿದ್ದೆಯಿರಲಿಲ್ಲ. ಈಗ ಅವಳು ಅವ್ವ ಹೊಲಿದ ಕೌದಿಯನ್ನು ಬಿಗಿಯಾಗಿ ಹಾಸಿದ ಗಟ್ಟಿ ಹಾಸಿಗೆಯ ಮೇಲೆ ಗುಬ್ಬಿಗಳ ಕೆಳಗೆ ಮಲಗುತ್ತಾಳೆ. ಕಳೆದ ವಾರ ಕೆಳಗಿನ ಮನೆಯ ಬೆಳಗಾವಿಯ ಹುಡುಗಿ, ಅವಳ ಕೂಸಿಗೆ ಈಗ ಎರಡೂವರೆ ತಿಂಗಳು, ಜೋಳಿಗೆ ಕೊಡುತ್ತೀರಾ ವೈನಿ ಎಂದು ಕೇಳಿಕೊಂಡು ಬಂದಳು. ಹೊಸ ಅಡಾಪ್ಟರಿನ ಜೊತೆಗೆ ಕೊಟ್ಟೆ, ಸೆನ್ಸಾರಿನ ಗುಂಡಿಯ ಮೇಲೆ ಟೇಪು ಅಂಟಿಸಿದ್ದನ್ನು ತೆಗೆಯಬೇಡ ಎಂದೆ. ಹಾಲಿನ ಲೆಕ್ಕದ ಪುಸ್ತಕದ ಆ ಹಿಂದಿನ ಪುಟಗಳನ್ನೂ ಅವಳಿಗೆ ತೋರಿಸಿದೆ. ಅವಳು ಓದಿ ನೋಡಿ, ತಾನೂ ಒಂದು ಪುಸ್ತಕ ಇಡುವುದಾಗಿ ಹೇಳಿ ಹೋದಳು.